ಕಲ್ಲುಗುಡ್ಡೆ ಲೈನಿನ ಅಭಿಪ್ರಾಯ

ಜನವರಿ 20, ಸೋಮವಾರ

ಕೆಲಸ ಸಿಕ್ಕಿತು! ಕೊಪ್ಪದ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿದ ಮೇಲೆ ಅಮ್ಮನ ಜೊತೆ ಕಾಫಿ ಕುಯ್ಲಿಗೆ ಹೋಗುವುದೊಂದೇ ದಾರಿ ಅಂತ ಸೊಂಟಕ್ಕೆ ಚೀಲ ಕಟ್ಟಿಕೊಂಡಾಗಿತ್ತು. ಈಗ ನೋಡಿದರೆ ಕೈಯಲ್ಲಿ ಟ್ಯಾಬು, ಕುತ್ತಿಗೆಯಲ್ಲಿ ಫೋಟೋ ಇರುವ ಕಾರ್ಡು. ‘ಚೇತನಾ ಡಿ., ಸಮೀಕ್ಷಕಿ’ ಅಂತ ದಪ್ಪ ಅಕ್ಷರದಲ್ಲಿದೆ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದಳು. ಅಪ್ಪ ದೂರದಿಂದಲೇ ನೋಡಿ, “ಸರ್ಕಾರದ್ದಾ?” ಅಂದರು. ಅಲ್ಲ, ಕಂಪನಿಯದ್ದು ಅಂದೆ. “ಯಾರದ್ದಾದ್ರೂ ಸರಿ, ತಗ್ಗಿ ಬಗ್ಗಿ ನಡ್ಕ” ಅಂದರು. ಅಪ್ಪನ ಹತ್ತಿರ ಇರುವುದು ಅದೊಂದೇ ಬುದ್ಧಿಮಾತು.

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನಲ್ಲಿ ಟ್ಯಾಬು ತೋರಿಸಿದ ಮನೆಗೆ ಹೋಗಿ, ಅಲ್ಲಿ ಅದು ಆರಿಸಿದ ಒಬ್ಬರ ಅಥವಾ ಇಬ್ಬರ ಅಭಿಪ್ರಾಯ ಕೇಳಬೇಕು. ರಾಜಕೀಯ, ಕೆಲಸ, ಇರುವ ಮನೆ, ಮನಸ್ಸಿನ ನೆಮ್ಮದಿ, ಎಲ್ಲದರ ಬಗ್ಗೆಯೂ. ಶಿವಮೊಗ್ಗದಿಂದ ಬಂದ ರಶ್ಮಿ ಮೇಡಂ ನಮಗೆಲ್ಲ ತರಬೇತಿ ಕೊಟ್ಟರು. “ಒಂದು ನೆನಪಿಡಿ. ನಿಮ್ಮ ಅಭಿಪ್ರಾಯ ಯಾರಿಗೂ ಬೇಡ. ಬಾಯಲ್ಲಿ ಬಿಡಿ, ಮುಖದಲ್ಲೂ ಕಾಣಬಾರದು. ತಡೆಯಕ್ಕೆ ಆಗದಿದ್ರೆ ಮನೆಗೆ ಹೋಗಿ ಒಂದು ಪುಸ್ತಕದಲ್ಲಿ ಬರ್ಕೊಳಿ. ಮತ್ತೆ, ಅವರು ಹೇಳಿದ್ದು ಅವರ ಹೊಸ್ತಿಲು ದಾಟಿ ಇನ್ನೊಬ್ಬರ ಕಿವಿಗೆ ಹೋಗಬಾರದು” ಅಂದರು.

ಅದಕ್ಕೇ ಈ ಪುಸ್ತಕ. ಬರೆಯೋಣ ಅಂತ ಕೂತರೆ ನಗು ಬರುತ್ತದೆ. ನನಗೆ ಅಭಿಪ್ರಾಯ ಅಂತ ಎಲ್ಲಿದೆ? ಅಂಗಡಿಯಲ್ಲಿ ಎಷ್ಟು ಕಾಪಿ ಅಂತ ಅವರು ಹೇಳುತ್ತಿದ್ದರು, ನಾನು ತೆಗೆಯುತ್ತಿದ್ದೆ. ಅದಕ್ಕೆ ಮುಂಚೆ ಎರಡು ವರ್ಷ ಗಂಡನ ಮನೆಯಲ್ಲಿ ಅನ್ನ ಎಷ್ಟು ಇಡಬೇಕು ಅಂತಲೂ ಅತ್ತೆಯೇ ಹೇಳುತ್ತಿದ್ದರು. ವಾಪಸ್ ಬಂದೆನಲ್ಲ, ಅದೊಂದು ನಾನೇ ಮಾಡಿದ್ದು. ಅದನ್ನು ಅಭಿಪ್ರಾಯ ಅನ್ನಬಹುದಾ, ಗೊತ್ತಿಲ್ಲ.

ಜನವರಿ 27, ಸೋಮವಾರ

ಮೊದಲ ದಿನ! ಸೀತೂರಿನ ಕಡೆ. ಗಾಬರಿಯಲ್ಲಿ ನಾಯಿ ಬೊಗಳಿದ್ದೂ ಕೇಳಿಸಲಿಲ್ಲ, ಗೇಟು ತೆಗೆದು ಒಳಗೇ ನಡೆದುಬಿಟ್ಟೆ. ಮನೆಯ ಯಜಮಾನರು ಕಟ್ಟೆ ಮೇಲೆ ಕೂರಿಸಿಕೊಂಡು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟರು. “ನಮ್ಮನೆ ವೋಟೆಲ್ಲ ಒಂದೇ ಕಡೆ ಹೋಗದು, ಬರ್ಕಳಿ. ಅದ್ರಲ್ಲಿ ಎರಡು ಮಾತಿಲ್ಲ.” ಆಮೇಲೆ ಹೆಂಡತಿಯನ್ನು ಬೇರೆ ಕೂರಿಸಿ ಕೇಳಬೇಕಿತ್ತು. ಆಯಮ್ಮ ಕೊಟ್ಟಿಗೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದಳು. “ಮದುವೆ ಆದಾಗಿಂದ ನಾನು ಇನ್ನೊಂದು ಕಡೆಗೇ ಒತ್ತದು. ಅವ್ರಿಗೆ ಹೇಳ್ಬೇಡಿ ಮಾರಾಯ್ತಿ, ಪಾಪ, ಬೇಜಾರು ಮಾಡ್ಕಳ್ತಾರೆ.”

ಮುಖದಲ್ಲಿ ತೋರಿಸದೆ ಇರಲು ನಾನು ಪಟ್ಟ ಪಾಡು! ಕೆಮ್ಮು ಬಂದವಳ ಹಾಗೆ ಮಾಡಿದೆ. ಹೊರಡುವಾಗ ಯಜಮಾನರು, “ಎಂತ ಹೇಳಿದ್ಲು ನಮ್ಮೋಳು? ನಾನು ಹೇಳಿದ್ದೇ ತಾನೆ?” ಅಂದರು. “ಎಲ್ಲ ಗುಟ್ಟಾಗಿರುತ್ತೆ ಸಾರ್” ಅಂದೆ. ಬಸ್ ಸ್ಟಾಪಿನವರೆಗೂ ಒಬ್ಬಳೇ ನಕ್ಕೆ.

ಜನವರಿ 30, ಗುರುವಾರ

ಗಂಟಲು ಹೋಗಿದೆ. ಬಸ್ಸು ಫ್ರೀ ಅಂತ ಖುಷಿ ಇದೆಯಾ ಅಂತ ಕೇಳಿದರೆ ಹೆಂಗಸರೆಲ್ಲ ನನ್ನನ್ನೇ ಹಿಡಿದುಕೊಳ್ಳುತ್ತಾರೆ. “ಫ್ರೀ ಬಸ್ಸು ಎಲ್ಲಿದೆ, ಈ ರೋಡಲ್ಲಿ ಓಡಾಡೋದೆಲ್ಲ ಪ್ರೈವೇಟು!” ನಿಜ ಅಲ್ಲವಾ? ಈ ಕಡೆಗೂ ನಾಲ್ಕು ಬಸ್ಸು ಬಿಡಬೇಕಪ್ಪ. ನನಗೂ ಹಾಗೇ ಅನಿಸುತ್ತದೆ.

ಫೆಬ್ರವರಿ 6, ಗುರುವಾರ

ಇವತ್ತು ಸಂಜೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪರಮೇಶ್ವರಪ್ಪ ನಾವಿರುವ ಕೂಲಿ ಲೈನಿಗೆ ಬಂದಿದ್ದರು. ನಲ್ಲಿ ಹತ್ತಿರ ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿದರು. ದೀಪಾವಳಿ ಹೊತ್ತಿಗೆ ಕಲ್ಲುಗುಡ್ಡೆ ಎಸ್ಟೇಟ್ ಮಾರಾಟವಾಯಿತಲ್ಲ, ಹೊಸ ಸಾವ್ಕಾರರು ಈ ಲೈನು ಒಡೆದು ಟೂರಿಸ್ಟುಗಳಿಗೆ ಕಾಟೇಜು ಕಟ್ಟುತ್ತಾರಂತೆ. ಕುಯ್ಲು ಮುಗಿದ ಮೇಲೆ, ಮಳೆಗಾಲ ಹಿಡಿಯುವುದರೊಳಗೆ ಮನೆ ಖಾಲಿ ಮಾಡಬೇಕು.

ಪಕ್ಕದ ಮನೆ ವನಮಾಲಕ್ಕನ ಕೊಡ ತುಂಬಿ ನೀರು ಹರಿಯುತ್ತಿತ್ತು, ನಲ್ಲಿ ತಿರುಗಿಸುವವರು ಇಲ್ಲ. ಅಪ್ಪ “ಆಯ್ತು ಸ್ವಾಮಿ” ಅಂದರು. ಆಯ್ತು ಸ್ವಾಮಿ! ಮೂವತ್ತೈದು ವರ್ಷ ಈ ತೋಟದಲ್ಲಿ ದುಡಿದ ಧರ್ಮಪ್ಪ ಅನ್ನುವವರಿಗೆ ಹೇಳಲಿಕ್ಕೆ ಇದ್ದಿದ್ದು ಅಷ್ಟೇ. ಪರಮೇಶ್ವರಪ್ಪ ಹೋದ ಮೇಲೆ ನಾನು ಕೇಳಿದೆ, “ಎಲ್ಲಿಗೆ ಹೋಗದು ಅಂತಾದ್ರೂ ಕೇಳಬಹುದಿತ್ತಲ್ಲ ಅಪ್ಪ?” “ಸಾವ್ಕಾರ್ರಿಗೆ ಎದುರು ಮಾತಾಡ್ತಾರಾ? ನಿಂಗೆ ಗೊತ್ತಾಗಲ್ಲ, ಸುಮ್ನಿರು” ಅಂದರು. ಸುಮ್ಮನಿದ್ದೇನೆ. ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಫೆಬ್ರವರಿ 7, ಶುಕ್ರವಾರ

ಕೆರೆಕಟ್ಟೆಗೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆಯಿಡೀ ಅಳು ತಡೆದುಕೊಂಡು ಕೂತಿದ್ದೆ. ಆದರೆ ಆ ಊರಿನವರು ನನ್ನನ್ನು ಅಳಲಿಕ್ಕೇ ಬಿಡಲಿಲ್ಲ!

ಕಾಡಿನ ಅಂಚಿನ ಮನೆಯಲ್ಲಿ ಅರಣ್ಯ ಇಲಾಖೆಯ ಒಬ್ಬ ವಾಚರ್. ನಿಮ್ಮ ಕೆಲಸದ ಬಗ್ಗೆ ತೃಪ್ತಿ ಇದೆಯಾ ಅಂದರೆ, “ನಂಗಿದೆ. ಆನೆಗೂ ಒಂದು ಮಾತು ಕೇಳಿ” ಅಂದ. ಇನ್ನೊಂದು ಮನೆಯಲ್ಲಿ ಒಬ್ಬರು ಅಜ್ಜಿ. ‘ನಿನ್ನೆ ನೀವು ಯಾವಾಗಲಾದರೂ ನಕ್ಕಿರಾ?’ ಅನ್ನುವ ಪ್ರಶ್ನೆಗೆ ಅಜ್ಜಿ ತೀರಾ ಗಂಭೀರವಾಗಿ ಯೋಚನೆ ಮಾಡಿದರು. “ನಿನ್ನೆಯಾ? ಕರು ಬಂದು ಕೊಡಪಾನದೊಳಗೆ ಮೂತಿ ಸಿಗಿಸ್ಕಂಡಿತ್ತು. ನಕ್ಕೆ. ಮೊನ್ನೆ ನಕ್ಕಿಲ್ಲ. ಮೊನ್ನೆದು ಬರಿಯದು ಬೇಡ್ವಾ?” ಬೇಡ ಅಜ್ಜಿ ಅಂದೆ. “ನನ್ನ ಹತ್ರ ಇದನ್ನ ಯಾರೂ ಕೇಳಿರ್ಲಿಲ್ಲ ನೋಡು ಕೂಸೆ” ಅಂತ ಬೆಲ್ಲ ನೀರು ಕೊಟ್ಟರು.

‘ಈ ಮನೆಯಿಂದ ನಿಮ್ಮನ್ನು ಯಾರಾದರೂ ಎಬ್ಬಿಸಬಹುದು ಎಂಬ ಭಯ ಇದೆಯೇ?’ ಅನ್ನುವ ಪ್ರಶ್ನೆಯೂ ಇದೆ. ಇಷ್ಟು ದಿನ ಗಡಗಡ ಓದಿ ಮುಂದೆ ಹೋಗುತ್ತಿದ್ದೆ. ಇವತ್ತು ಆ ಪ್ರಶ್ನೆ ಬಂದಾಗಲೆಲ್ಲ ಒಂದೊಂದೇ ಪದ ಬಿಡಿಸಿ ಓದಿದೆ. ಉತ್ತರ ಬರುವವರೆಗೂ ಕಾದೆ. ಜನ ಎಷ್ಟು ಹೇಳುತ್ತಾರೆ, ನಾವು ಕಾದರೆ!

ಫೆಬ್ರವರಿ 18, ಮಂಗಳವಾರ

ಇವತ್ತು ನಡೆದಿದ್ದನ್ನು ಹೇಗೆ ಬರೆಯಲಿ. ಹೆಸರು ಬರೆಯುವುದಿಲ್ಲ, ಅದು ನಿಯಮ. ಶೃಂಗೇರಿಯಲ್ಲಿ ದೊಡ್ಡ ಮನೆ, ಮಠದ ಪರಿಚಯ, ತೋಟ, ಅಂಗಳದಲ್ಲಿ ಹೊಸ ಕಾರು. ಟ್ಯಾಬು ಆ ಮನೆಯ ಯಜಮಾನರನ್ನು ಬಿಟ್ಟು ಅವರ ಹೆಂಡತಿಯನ್ನು ಆರಿಸಿತು. ಅರವತ್ತರ ಹತ್ತಿರದ ಅಮ್ಮ. “ನನ್ನನ್ನಾ? ಎಂತಕ್ಕೆ? ಅವರನ್ನೇ ಕೇಳಿ” ಅಂತ ಮೂರು ಸಲ ಹೇಳಿದರು. “ಇಲ್ಲಮ್ಮ, ನಿಮ್ಮನ್ನೇ” ಅಂದೆ. ಕೊನೆಗೆ ಸೆರಗು ಸರಿ ಮಾಡಿಕೊಂಡು ಫೋಟೋ ತೆಗೆಸುವವರ ಹಾಗೆ ಕೂತರು.

ಮೊದಲು “ಹೌದು”, “ಇಲ್ಲ” ಅಷ್ಟೇ. ನೆಮ್ಮದಿಯ ಪ್ರಶ್ನೆ ಬರುವಾಗ ದನಿ ಬಂತು. ಮನೆಯ ದೊಡ್ಡ ತೀರ್ಮಾನಗಳಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ ಅಂದಾಗ ಜೋರಾಗಿ ನಕ್ಕುಬಿಟ್ಟರು.

“ಮೊನ್ನೆ ದೀಪಾವಳಿಲಿ ಕೊಪ್ಪದ ಹತ್ರ ನಾರ್ವೆ ಕಡೆ ಒಂದು ಕಾಫಿ ತೋಟ ತಗಂಡ್ರು. ಕಲ್ಲುಗುಡ್ಡೆ ಅಂತ. ನನ್ನ ಹೆಸರಿಗೇ ಮಾಡ್ಸಿದಾರೆ. ಎಂತಕೋ, ಟ್ಯಾಕ್ಸಿಗೆ ಒಳ್ಳೇದಂತೆ. ಸಹಿ ಹಾಕು ಅಂದಲ್ಲಿ ಹಾಕಿದೆ. ಆ ತೋಟಕ್ಕೆ ಇವತ್ತಿನವರೆಗೆ ನಾನು ಕಾಲಿಟ್ಟಿದ್ದಿಲ್ಲ. ಈಗ ನೀವೇ ಹೇಳಿ, ನನ್ನ ಮಾತು ಎಷ್ಟು ನಡೀತದೆ ಅಂತ ಬರ್ಕಳ್ತೀರಿ?”

ನನ್ನ ಬೆರಳು ಗಾಜಿನ ಮೇಲೆ ಅಂಟಿಕೊಂಡಂತೆ ನಿಂತುಬಿಟ್ಟಿತು. ನಮ್ಮ ಕಲ್ಲುಗುಡ್ಡೆ! ಅಮ್ಮ, ನಾನು ಆ ತೋಟದ ಲೈನಿನವಳು, ನಮ್ಮನ್ನೆಲ್ಲ ಎಬ್ಬಿಸುತ್ತಿರುವುದು ನಿಮ್ಮ ಸಹಿ, ಅಂತ ನಾಲಿಗೆ ತುದಿಗೆ ಬಂತು. ಬಾಯಿ ತೆರೆದೂ ಬಿಟ್ಟೆ. ಆದರೆ ಹೊರಗೆ ಬಂದಿದ್ದು ಮುಂದಿನ ಪ್ರಶ್ನೆ. ಉಳಿದಿದ್ದನ್ನು ಹೇಗೆ ಮುಗಿಸಿದೆನೋ. ಹೊರಡುವಾಗ ಆ ಅಮ್ಮ ಗೇಟಿನವರೆಗೆ ಬಂದು, “ಇನ್ನೊಂದು ಸಲ ಬರ್ತೀರಾ? ಮಾತಾಡಿ ಹಗುರ ಆಯ್ತು” ಅಂದರು.

ಫೆಬ್ರವರಿ 19, ಬುಧವಾರ

ಹೇಳಿಬಿಡಲಾ? ವನಮಾಲಕ್ಕನಿಗಾದರೂ? ಬೇಡ. ಆ ಅಮ್ಮ ನನ್ನನ್ನು ನಂಬಿ ಹೇಳಿದ್ದು. ಅದನ್ನೇ ಹಿಡಿದುಕೊಂಡು ಅವರ ಬಾಗಿಲಿಗೆ ಹೋದರೆ ನಾನು ಎಂಥವಳು?

ಆದರೆ ಲೈನಿನವರು ಮಾತಾಡಬಾರದು ಅಂತ ಯಾವ ನಿಯಮವೂ ಇಲ್ಲವಲ್ಲ! ಇದು ಯಾಕೆ ಮೊದಲೇ ಹೊಳೆಯಲಿಲ್ಲ?

ಮಾರ್ಚ್ 1, ಶನಿವಾರ

ಸಮೀಕ್ಷೆ ಮುಗಿಯಿತು. ಟ್ಯಾಬು, ಕಾರ್ಡು ಎರಡನ್ನೂ ವಾಪಸ್ ಕೊಟ್ಟೆ. ರಶ್ಮಿ ಮೇಡಂ, “ನಿನ್ನಷ್ಟು ಉದ್ದ ಉತ್ತರ ಯಾರೂ ತಂದಿಲ್ಲ” ಅಂದರು. ಬೈದಿದ್ದಾ ಹೊಗಳಿದ್ದಾ ಕೇಳಲು ಮರೆತೆ.

ಬೇಜಾರಾಗುತ್ತದೆ ಅಂದುಕೊಂಡಿದ್ದೆ, ಪುರಸೊತ್ತೇ ಇಲ್ಲ! ಮೂರು ದಿನದಿಂದ ಲೈನಿನ ಒಂದೊಂದೇ ಮನೆಗೆ ಹೋಗಿ ಕೂತು ಕೇಳುತ್ತಿದ್ದೇನೆ. “ಇಲ್ಲಿಂದ ಎಬ್ಬಿಸಿದ್ರೆ ಎಲ್ಲಿಗೆ ಹೋಗ್ತೀರಿ? ನಿಮಗೆ ಎಂತ ಬೇಕು?” ಮೊದಲು ಎಲ್ಲರೂ ಅಪ್ಪನ ಹಾಗೇ. “ನಮ್ದೆಂತ ಇದೆ, ಅವ್ರು ಹೇಳ್ದಂಗೆ.” ನಾನು ಏಳುವುದಿಲ್ಲ, ಕಾಯುತ್ತೇನೆ. ಆಮೇಲೆ ಬರುತ್ತದೆ ನೋಡಿ ಪ್ರವಾಹ! ವನಮಾಲಕ್ಕನಂತೂ ಅವಲಕ್ಕಿ ಕಲಸುತ್ತಾ ಕಲಸುತ್ತಾ ಅತ್ತು, ಬೈದು, ಕೊನೆಗೆ, “ಬರೋ ಹನ್ನೆರಡನೇ ತಾರೀಕು ಗ್ರಾಮಸಭೆ ಇದ್ಯಂತಲ್ಲ, ಅಲ್ಲಿ ಸೈಟು ಕೇಳದಪ್ಪ! ನಾವೂ ವೋಟು ಹಾಕಿದೀವಿ” ಅಂದಳು. ಅದು ಅವಳದ್ದೇ ಮಾತು. ನಾನು ಕಾದಿದ್ದು ಅಷ್ಟೇ.

ಅಪ್ಪ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾರೆ. “ಇದ್ದ ಕೂಳಿಗೂ ಕಲ್ಲು ಹಾಕ್ತಿದಾಳೆ” ಅಂತ ಅಮ್ಮನ ಹತ್ತಿರ ಅಂದರಂತೆ.

ಮಾರ್ಚ್ 12, ಬುಧವಾರ

ಗ್ರಾಮಸಭೆ! ಕಿವಿ ಇನ್ನೂ ಬಿಸಿಯಾಗಿದೆ.

ಲೈನಿನ ಹೆಂಗಸರೆಲ್ಲ ಕೆಲಸಕ್ಕೆ ರಜ ಹಾಕಿ, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಬಂದಿದ್ದರು. ಅಮ್ಮನೂ ಬಂದಳು. ಅಪ್ಪ ಒಳಗೆ ಬರಲಿಲ್ಲ, ಆದರೆ ಪಂಚಾಯ್ತಿ ಕಟ್ಟಡದ ಹೊರಗೆ ಕಿಟಕಿ ಪಕ್ಕ ನಿಂತಿದ್ದು ನಾನು ನೋಡಿದೆ. ಚರಂಡಿ ಆಯಿತು, ಬೀದಿದೀಪ ಆಯಿತು, ಮಂಗನ ಕಾಟ ಒಂದು ದೊಡ್ಡ ರಾಮಾಯಣವೇ ಆಯಿತು. ಇನ್ನೇನು ವಂದನಾರ್ಪಣೆ ಅನ್ನುವಾಗ ವನಮಾಲಕ್ಕ ನನ್ನ ಪಕ್ಕೆಗೆ ತಿವಿದಳು. ನಾನು ಎದ್ದು ನಿಂತೆ. ಮೈಕು ಕೊಟ್ಟರೆ ಅದು ಕೂಗಿಕೊಂಡಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಹೆದರಿಕೆ ಎಲ್ಲಿ ಹೋಯಿತೋ!

“ಕಲ್ಲುಗುಡ್ಡೆ ಲೈನಿನವರು ನಾವು. ಮಳೆಗಾಲಕ್ಕೆ ನಮಗೆ ಸೂರಿಲ್ಲ. ತೋಟ ಮಾರಿದ್ದು, ಕಾಟೇಜು ಕಟ್ಟೋದು, ಯಾವುದಕ್ಕೂ ನಮ್ಮದು ತಕರಾರಿಲ್ಲ. ನಾವು ಎಲ್ಲಿ ಇರಬೇಕು ಅಂತ ಪಂಚಾಯ್ತಿ ಹೇಳಬೇಕು. ಹೇಳೋ ತನಕ ನಾವು ಇಲ್ಲಿಂದ ಹೋಗೋದಿಲ್ಲ” ಅಂದೆ. ಅಷ್ಟು ಹೇಳಿ ಕೂರಬೇಕಿತ್ತು, ಕೂರಲಿಲ್ಲ. ಕಾದೆ. ಎಲ್ಲ ಹೆಂಗಸರೂ ಎದ್ದು ನಿಂತರು.

ಪಂಚಾಯ್ತಿಯ ಪಿಡಿಒ ಕನ್ನಡಕ ತೆಗೆದರು. “ಜಾಗ ಇಲ್ಲ ಅಂತಲ್ಲಮ್ಮ. ಹಳೇ ಶಾಲೆ ಹಿಂದೆ ನಿವೇಶನಕ್ಕೆ ಅಂತಲೇ ಎರಡು ಎಕರೆ ಕಾದಿರಿಸಿ ಎಷ್ಟೋ ವರ್ಷ ಆಯ್ತು. ಅದಕ್ಕೆ ಹೋಗೋಕೆ ದಾರಿ ಇಲ್ಲ. ದಾರಿ ಎಸ್ಟೇಟ್ ಜಾಗದಲ್ಲಿ ಹೋಗಬೇಕು. ಹಿಂದಿನ ಮಾಲೀಕರು ಬಿಡಲಿಲ್ಲ.”

“ಈಗಿನ ಮಾಲೀಕರನ್ನು ಕೇಳಿದೀರಾ?” ಅಂದೆ.

“ಇಲ್ಲ...”

“ಯಾರವರು?” ಆ ಹೆಸರು ನನ್ನ ಬಾಯಿಂದ ಬರಬಾರದಲ್ಲ, ಅದಕ್ಕೇ ಕೇಳಿದೆ.

ಪಿಡಿಒ ಪಹಣಿ ತರಿಸಿ ಸಭೆಗೇ ಓದಿದರು. “ಅಂಬುಜಾಕ್ಷಿ ಕೋಂ ಅನಂತಮೂರ್ತಿ, ಶೃಂಗೇರಿ.”

ಈಗ ಇಡೀ ಊರಿಗೆ ಗೊತ್ತು! ನಾನು ಯಾರ ಗುಟ್ಟನ್ನೂ ಒಡೆಯಲಿಲ್ಲ. ಮಾಲೀಕರು ದಾರಿ ಬಿಟ್ಟರೆ ಲೈನಿನವರಿಗೆ ನಿವೇಶನ ಕೊಡುವುದು ಅಂತ ಸಭೆ ಕೈಯೆತ್ತಿತು. ಕೈಯೆತ್ತಿದವರಲ್ಲಿ ಎರಡೂ ಪಕ್ಷದವರು ಇದ್ದರು. ಇನ್ನೊಂದು ಸಲ ಹೀಗಾಗುತ್ತದೋ ಇಲ್ಲವೋ, ನೋಡಿಟ್ಟುಕೊಂಡೆ.

ಮಾರ್ಚ್ 13, ಗುರುವಾರ

ಮೊದಲನೇ ಬಸ್ಸಿಗೇ ಹೋದೆ. ಇವತ್ತು ಕುತ್ತಿಗೆಯಲ್ಲಿ ಕಾರ್ಡಿಲ್ಲ, ಕೈಯಲ್ಲಿ ಏನೂ ಇಲ್ಲ. ಅಂಬುಜಾಕ್ಷಿ ಅಮ್ಮ ತುಳಸಿಗೆ ನೀರು ಹಾಕುತ್ತಿದ್ದರು. “ಓ, ಬಂದ್ರಾ! ಮತ್ತೆ ಎಂತ ಕೇಳಕ್ಕಿತ್ತು?” ಅಂತ ಖುಷಿಯಾಗಿ ಬಂದರು.

“ಕೇಳಕ್ಕಲ್ಲಮ್ಮ, ಹೇಳಕ್ಕೆ ಬಂದಿದೀನಿ” ಅಂದೆ. ಜಗಲಿಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಪರಮೇಶ್ವರಪ್ಪ ನಲ್ಲಿ ಹತ್ತಿರ ನಿಂತು ಹೇಳಿದ್ದು, ಗ್ರಾಮಸಭೆ, ಹಳೇ ಶಾಲೆ, ದಾರಿ. ಅವರ ಮುಖ ಕೆಂಪಾಯಿತು. ನನ್ನ ಮೇಲೆ ಸಿಟ್ಟು ಅಂದುಕೊಂಡೆ.

“ಅವತ್ತು ನನ್ನೆದುರು ಅಷ್ಟೊತ್ತು ಕೂತಿದ್ದಿ. ಅವತ್ತೇ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?”

“ಅವತ್ತು ಮಾತಾಡೋ ಸರದಿ ನಿಮ್ಮದಾಗಿತ್ತಮ್ಮ.”

ಒಳಗಿಂದ ಯಜಮಾನರು, ಅನಂತಮೂರ್ತಿಯವರು, ವಾಚು ಕಟ್ಟಿಕೊಳ್ಳುತ್ತಾ ಬಂದು, “ಲೈನಲ್ಲಿ ಜನ ಇದ್ದಾರಾ? ಕುಯ್ಲು ಮುಗಿದ ಮೇಲೆ ಅವರಾಗೇ ಹೋಗ್ತಾರೆ ಅಂದಿದ್ರಲ್ಲ ರೈಟರು! ನೋಡಮ್ಮ, ಪ್ಲಾನೆಲ್ಲ ಆಗಿದೆ, ದಾರಿ ಗೀರಿ ಅಂದ್ರೆ ಲಾಯರನ್ನ ಕೇಳಬೇಕು” ಅಂದರು. ಕೆಟ್ಟ ಮನುಷ್ಯರಲ್ಲ. ಆದರೆ ಮಾತು ಅಲ್ಲಿಗೆ ಮುಗಿಯಿತು ಅನ್ನುವ ಹಾಗೆ ಕಾರಿನ ಕೀ ತೆಗೆದುಕೊಂಡರು.

ಅಂಬುಜಾಕ್ಷಿ ಅಮ್ಮ ಚೊಂಬು ಕೆಳಗಿಟ್ಟರು. “ಲಾಯರನ್ನ ಆಮೇಲೆ ಕೇಳಿ. ಮೊದಲು ನಾನು ನನ್ನ ತೋಟ ನೋಡಬೇಕು.”

ನನ್ನ ತೋಟ ಅಂದರು!

ಮಾರ್ಚ್ 21, ಶುಕ್ರವಾರ

ಬಂದರು. ಬಂದೇಬಿಟ್ಟರು!

ಕಾರನ್ನು ಕೆಳಗೇ ನಿಲ್ಲಿಸಿ ಅಂಬುಜಾಕ್ಷಿ ಅಮ್ಮ ಹತ್ತಿಕೊಂಡು ಬಂದರು, ಹಿಂದೆ ಅನಂತಮೂರ್ತಿಯವರು ಏದುಸಿರು ಬಿಡುತ್ತಾ. ಹೋದ ವಾರ ಬಿದ್ದ ಮಳೆ ಹನಿಗೆ ಕಾಫಿ ಹೂವೆಲ್ಲ ಅರಳಿ ತೋಟ ಬೆಳ್ಳಗಾಗಿತ್ತು. ಅಂಬುಜಾಕ್ಷಿ ಅಮ್ಮ ಅದನ್ನು ನೋಡುತ್ತಾ ಒಂದು ನಿಮಿಷ ನಿಂತುಬಿಟ್ಟರು. ಆಮೇಲೆ ಎಲ್ಲ ಮನೆಗೂ ಹೋದರು. ನಮ್ಮ ಮನೆಯಲ್ಲಿ ಚಾಪೆ ಮೇಲೆ ಕೂತು ನಮ್ಮಮ್ಮ ಕೊಟ್ಟ ಕಾಫಿ ಕುಡಿದರು. ಅಮ್ಮನಿಗೆ, “ಸೀತಕ್ಕ, ಕಾಫಿ ಗಟ್ಟಿ ಇದೆ” ಅಂದರು. ಅಮ್ಮ ಇವತ್ತಿಡೀ ನೆಲದ ಮೇಲೆ ನಡೆದಿಲ್ಲ.

ಅಪ್ಪ ಬಾಗಿಲ ಹೊರಗೆ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದರು. ಅಂಬುಜಾಕ್ಷಿ ಅಮ್ಮ ಅವರ ಕಡೆ ತಿರುಗಿ ಕೇಳಿದರು, “ನೀವು ಹೇಳಿ ಧರ್ಮಪ್ಪ. ನಿಮಗೆ ಎಂತ ಅನಿಸುತ್ತೆ?”

‘ಆಯ್ತು ಸ್ವಾಮಿ’ ಬರುತ್ತದೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ. ಅಪ್ಪ ನನ್ನ ಕಡೆ ಒಂದು ಸಲ ನೋಡಿದರು.

“ನಾನು ಎಲ್ಲಾದ್ರೂ ಇರ್ತೀನಿ ಅಮ್ಮ. ಇವಳು ಗಂಡನ ಮನೆಯಿಂದ ಬಂದ್ಲಲ್ಲ, ಅವತ್ತು ತಟ್ಟಕ್ಕೆ ಒಂದು ಬಾಗಿಲಿತ್ತು. ನಂದಲ್ಲ, ತೋಟದ್ದು. ಆದ್ರೂ ಬಾಗಿಲಿತ್ತು. ಅದು ಇರ್ಲಿಲ್ಲ ಅಂದಿದ್ರೆ ಇವಳು ಎಲ್ಲಿಗೆ ಹೋಗ್ತಿದ್ಲು ಅಂತ ಯೋಚನೆ ಮಾಡಿದ್ರೆ ನಂಗೆ ಈಗ್ಲೂ ಎದೆ ನಡುಗ್ತದೆ. ಹೆಣ್ಮಕ್ಕಳು ತಟ್ಟಕ್ಕೆ ಒಂದು ಬಾಗ್ಲು ಬೇಕು. ಅಷ್ಟೇ ನಾನು ಹೇಳದು.”

ಐದು ವರ್ಷದಲ್ಲಿ ಅಪ್ಪ ಆ ದಿನದ ಸುದ್ದಿ ಎತ್ತಿದ್ದೇ ಇಲ್ಲ. ಸಿಟ್ಟಿದೆ ಅಂತಲೇ ತಿಳಿದಿದ್ದೆ. ಅಡುಗೆಮನೆಗೆ ಹೋಗಿ ಒಲೆಯೆದುರು ಕೂತು ಅತ್ತೆ.

ಹೊರಗೆ ಬರುವಾಗ ಅನಂತಮೂರ್ತಿಯವರು ಮೆಲ್ಲಗೆ ಹೇಳುತ್ತಿದ್ದರು, “ಆಯ್ತು ಮಾರಾಯ್ತಿ, ಆದ್ರೂ ಲಾಯರು...” ಅಂಬುಜಾಕ್ಷಿ ಅಮ್ಮ ಅಂದರು, “ಸಹಿ ನಂದು ತಾನೆ? ದಾರಿ ಬಿಡ್ತೇನೆ. ಇವ್ರ ಮನೆ ಏಳೋ ತನಕ ಲೈನು ಒಡೆಯೋ ಹಾಗಿಲ್ಲ. ಕಾಟೇಜಿಗೆ ಆಮೇಲೆ ಹಾಕ್ತೇನೆ ಸಹಿ.” ಅನಂತಮೂರ್ತಿಯವರು ಹೆಂಡತಿಯನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. ಸಿಟ್ಟೇನೂ ಕಾಣಲಿಲ್ಲ. ಇಳಿಯುವಾಗ, ಜಾರುತ್ತೆ ಅಂತ ಅವರ ಕೈ ಹಿಡಿದುಕೊಂಡರು.

ಏಪ್ರಿಲ್ 16, ಬುಧವಾರ

ಜೆಸಿಬಿ ಬಂತು! ದಾರಿ ಬಿದ್ದಿತು. ಪರಮೇಶ್ವರಪ್ಪ ಮುಂದೆ ನಿಂತು ಅದೆಲ್ಲ ತಾವೇ ಮಾಡಿಸಿದ್ದು ಅನ್ನುವ ಹಾಗೆ ಕೈ ತೋರಿಸುತ್ತಿದ್ದರು. ತೋರಿಸಲಿ ಪಾಪ.

ಎರಡೂ ಪಕ್ಷದವರು ಮನೆಗೆ ಬಂದು ಹೋದರು, ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲು ಅಂತ. ನನಗೆಂತ ರಾಜಕೀಯ ಬರುತ್ತದೆ ಅಂದೆ. ಅಂದವಳು ಈ ಕಡೆಗೆ ಬಸ್ಸು ಯಾಕೆ ಬಿಡಬೇಕು, ಯಾವ ಹೊತ್ತಿಗೆ ಬಿಡಬೇಕು, ಹಳೇ ಶಾಲೆಯಲ್ಲಿ ಅಂಗನವಾಡಿ ಯಾಕೆ ಆಗಬೇಕು ಅಂತ ಇಬ್ಬರನ್ನೂ ಕೂರಿಸಿ ಹೇಳಿದೆ. ಅವರ ಕಾಫಿ ಆರಿಹೋಯಿತು.

ಮೇ 4, ಭಾನುವಾರ

ಇವತ್ತು ಸೈಟಿಗೆ ಕಲ್ಲು ನೆಟ್ಟರು. ಹಕ್ಕುಪತ್ರ ಬರಲು ಇನ್ನೂ ಸಮಯ ಇದೆಯಂತೆ, ಮನೆ ಏಳಲು ಅದಕ್ಕಿಂತ ಹೆಚ್ಚು. ಲೈನಿನವರಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಚೀಟಿ ಎತ್ತಿ ಅವರವರ ಜಾಗ ಗೊತ್ತಾದ ಕೂಡಲೇ ಎಲ್ಲರೂ ಕೋಲು ಹಿಡಿದುಕೊಂಡು ನೆಲದ ಮೇಲೆ ಮನೆ ಬರೆಯಲು ಶುರುಮಾಡಿದರು. ಇಲ್ಲಿ ಬಾಗಿಲು, ಇಲ್ಲಿ ಕಿಟಕಿ, ಇಲ್ಲಿ ದೇವರು. ಆಮೇಲೆ ಜಗಳ ಹತ್ತಿಕೊಂಡಿತು ನೋಡಿ! ವನಮಾಲಕ್ಕನ ಬಚ್ಚಲ ನೀರು ಯಾರ ಕಡೆ ಹೋಗಬೇಕು, ಹಲಸಿನ ಮರ ಯಾರ ಪಾಲಿಗೆ, ಬೋರ್‌ವೆಲ್ ಮೇಲೆ ತೆಗೆಸುವುದಾ ಕೆಳಗಾ. ಗಂಟಲು ಹರಿಯುವ ಹಾಗೆ ಕೂಗಾಟ. ನಲ್ಲಿ ಹತ್ತಿರ ಆವತ್ತು ಮಾತೇ ಹೊರಡದೆ ನಿಂತಿದ್ದ ಜನ ಇವರೇ.

ಅಮ್ಮ ಅಡುಗೆಮನೆ ಪೂರ್ವಕ್ಕೆ ಬೇಕು ಅಂತ ಗೆರೆ ಎಳೆದಳು. ಅಪ್ಪ ಬಂದು ಕಾಲಲ್ಲಿ ಅಳಿಸಿದರು. “ಬೇಡ ಮಾರಾಯ್ತಿ, ಹೊಗೆಯೆಲ್ಲ ಜಗಲಿಗೆ ಬತ್ತದೆ. ಹಿಂದೆ ಮಾಡು. ಜಗಲಿ ಅಗಲ ಇರ್ಬೇಕು. ಕಿಟಕಿ ರಸ್ತೆ ಕಡೆ ಬೇಡ. ಬಾಗ್ಲು ಎರಡು ಕದದ್ದು, ಹಲಸಿಂದೇ ಆಗ್ಬೇಕು...” ಅಂತ ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಅಮ್ಮ ಕೋಲು ನೆಲಕ್ಕೆ ಕುಕ್ಕಿ, “ಹಂಗಾದ್ರೆ ನೀವೇ ಅಡಿಗೆ ಮಾಡಿ” ಅಂದಳು.

ಅಪ್ಪನೊಳಗೆ ಇಷ್ಟೊಂದು ಅಭಿಪ್ರಾಯ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಅಡುಗೆಮನೆ ವಿಷಯದಲ್ಲಿ ನಾನು ಅಮ್ಮನ ಕಡೆ. ನಾಳೆ ಹೇಳುತ್ತೇನೆ, ಇವತ್ತು ಅವರು ಮಾತಾಡಲಿ.